ಉಳಿದ ಬೈಟ್ ಎಲ್ಲಿಡಬೇಕು?

ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ತಾವು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಸೇಡಿಯಾಪು ಕೃಷ್ಣಭಟ್ಟರು ಕೊಡಿಯಾಲ್‌ಬೈಲ್ ಮಗ್ಗುಲಿನ ಸೇಂಟ್ ಅಲೋಶಿಯಸ್‌ನಲ್ಲಿ ಕನ್ನಡ ಪಾಠ ಹೇಳಿದ ಪಂಡಿತರು. ಆ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಹೆಚ್ಚಿನವು ಅಕ್ಷರದ ಒಂದೊಂದು ತುಣುಕಿಗೆ ಒಂದೊಂದು ಬೈಟ್ ಕೊಡುತ್ತಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರ. ಆದರೆ ಕಡತವನ್ನು ಎಲ್ಲಿ ತುಂಡರಿಸಿದರೂ ಸಂಕೇತ ಮುರಿಯುತ್ತಿರಲಿಲ್ಲ.

ಯೂನಿಕೋಡ್ ಆ ಗೊಂದಲ ಕಳೆದು ಹೊಸ ತಲೆನೋವು ತಂದಿತು. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಚಿಹ್ನೆಗೆ 3. ‘ಕೊಡಿಯಾಲ್‌ಬೈಲ್’ ಎಂಬುದನ್ನೇ ಎಣಿಸಿ: ‘ಲ್’ಗೆ ‘ಬೈ’ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೂ ಸೇರಿ 13 ಸಂಕೇತ, 39 ಬೈಟ್. ಜಾಲದಿಂದ 16 ಬೈಟ್‌ಗಳ ಕಂತು ಬಂತೆನ್ನಿ. ‘ಕೊಡಿಯ’ ಪೂರ್ತಿ ಸಿಗುತ್ತದೆ. ದೀರ್ಘದ ಮೂರು ಬೈಟ್‌ಗಳಲ್ಲಿ ಒಂದು ಮಾತ್ರ ಬಂದು ನಿಂತಿರುತ್ತದೆ. ತಪ್ಪೆಂದು ಅದನ್ನು ಎಸೆದರೆ ಓದುಗರಿಗೆ ಕಾಣುವುದು ಕಪ್ಪು ವಜ್ರಾಕೃತಿಯೊಳಗಿನ ಪ್ರಶ್ನಾರ್ಥಕ ಚಿಹ್ನೆ.

ಪೈಥಾನ್ ಭಾಷೆ ಇದಕ್ಕೆ ಹದವಾದ ಉತ್ತರ ಹುಡುಕಲು ಆರು ವರ್ಷ ಹಿಡಿಯಿತು. 2000ದಲ್ಲಿ ಬಂದ 2.0 ಆವೃತ್ತಿಗೆ ಮಾರ್ಕ್-ಆಂಡ್ರೆ ಲೆಂಬರ್ಗ್ ಹಾಕಿಕೊಟ್ಟ ಚೌಕಟ್ಟಿನಲ್ಲಿ, ಇಡೀ ಪಠ್ಯದ ಬೈಟ್‌ಗಳನ್ನು ಒಮ್ಮೆಗೇ ಅಕ್ಷರಗಳಾಗಿ ಬಿಡಿಸುವ ಫಂಕ್ಷನ್ ಒಂದು ಕಡೆ, ಕಡತಕ್ಕೆ ಅಂಟಿಕೊಂಡು ಓದುವ ‘ಸ್ಟ್ರೀಮ್‌ರೀಡರ್’ ಇನ್ನೊಂದು ಕಡೆ. ಓದುವವನೂ ಬಿಡಿಸುವವನೂ ಒಬ್ಬನೇ ಆದದ್ದೇ ಎಡವಟ್ಟು ಎಂದು ನನಗನ್ನಿಸುತ್ತದೆ. ಅರ್ಧ ಅಕ್ಷರ ಸಿಕ್ಕಿದರೆ ಸ್ಟ್ರೀಮ್‌ರೀಡರ್ ಇನ್ನಷ್ಟು ಓದಲು ಹೋಗುತ್ತಿತ್ತು. ಇನ್ನಷ್ಟು ಬಂದೇ ಇರದಿದ್ದರೆ? 2003ರ 2.3ರಲ್ಲಿ ವಾಲ್ಟರ್ ಡೋರ್‌ವಾಲ್ಡ್ ಪ್ರಸ್ತಾಪದಂತೆ, ದೋಷ ಕಂಡಾಗ ಏನು ಮಾಡಬೇಕೆಂಬ ನಿರ್ಧಾರ ಆ ಚೌಕಟ್ಟನ್ನು ಬಳಸುವವರ ಕೈಗೆ ಬಂತು. 2.4ರಲ್ಲಿ ಅವರೇ ಸ್ಟ್ರೀಮ್‌ರೀಡರ್‌ಗೆ ಬಿಟ್ಟಲ್ಲಿಂದ ಮುಂದುವರಿಯುವುದನ್ನು ಕಲಿಸಿದರು.

ಬಿಡಿಸುವ ಕೆಲಸ ಓದುವ ಕೆಲಸದಿಂದ ಬೇರೆಯಾದದ್ದು 2006ರ 2.5ರಲ್ಲಿ, ‘ಇನ್‌ಕ್ರಿಮೆಂಟಲ್ ಡಿಕೋಡರ್’ ರೂಪದಲ್ಲಿ. ಬೈಟ್‌ಗಳು ಕಡತದಿಂದ ಬಂದವೋ ಜಾಲದಿಂದಲೋ ಅದಕ್ಕೆ ಬೇಕಿಲ್ಲ. ಕೊಟ್ಟಷ್ಟನ್ನು ಬಿಡಿಸುತ್ತದೆ, ಉಳಿದ ಬೈಟನ್ನು ತನ್ನಲ್ಲೇ ಇಟ್ಟುಕೊಂಡು ಮುಂದಿನ ಕಂತಿಗೆ ಕಾಯುತ್ತದೆ. ‘ಇದೇ ಕೊನೆ’ ಎಂದು ಹೇಳಿದ ಮೇಲೂ ಏನಾದರೂ ಉಳಿದಿದ್ದರೆ ಆಗ ಮಾತ್ರ ದೂರು. ಚಿಕ್ಕ ವಿನ್ಯಾಸ, ಆದರೆ ಹಿಂದಿನ ಎಲ್ಲ ತಿದ್ದುಪಡಿಗಿಂತ ದೊಡ್ಡದು.

ಇಂಗ್ಲಿಷ್ ಪಠ್ಯ ಕೊಟ್ಟು ಪರೀಕ್ಷಿಸಿದರೆ ಅಕ್ಷರ ತುಂಡಾಗುವ ಈ ದೋಷ ಎಂದೂ ಬಯಲಾಗದು. ತಂತ್ರಾಂಶ ಬರೆಯುವವರು ದಯವಿಟ್ಟು ಕನ್ನಡದ ಕಡತವನ್ನೇ ಒಂದೊಂದು ಬೈಟಿನಂತೆ ಉಣಿಸಿ ನೋಡಿ.