ಒಂದು ಸೂಜಿಗೆ ಎರಡು ದಿನವೇಕೆ?

ವಾಡಿ ಜಂಕ್ಷನ್ನಿನಲ್ಲಿ, ಸೇಡಂ ಚಿತ್ತಾಪುರಗಳ ಕಡೆಯಿಂದ ಬಂದ ಜನ ಕಲಬುರಗಿಯ ಗಾಡಿಗಾಗಿ ಕಾಯುವ ಪ್ಲಾಟ್‌ಫಾರಮ್ಮಿನ ಮೇಲೆ, ಚೊಚ್ಚಲ ಬಸುರಿಯಾದ ಮಗಳನ್ನು ಗಂಟುಮೂಟೆಗಳ ನಡುವೆ ಕೂರಿಸಿಕೊಂಡಿದ್ದ ತಾಯಿಯೊಬ್ಬರು, ಕೈಯಲ್ಲಿದ್ದ ತಾಯಿ ಕಾರ್ಡನ್ನು ನನ್ನ ಮುಂದೆ ಹಿಡಿದು, ಅದರಲ್ಲಿ ವೈದ್ಯರು ಬರೆದಿದ್ದ ಎರಡು ಸಾಲನ್ನು ಓದಿಸಿ ಕೇಳಿದ ಬಳಿಕ ಹೀಗೆ ಪ್ರಶ್ನಿಸಿದರು: “ದಿನಾ ತುಂಬಿ ಮ್ಯಾಲ ಎಂಟ್ ದಿನ ಆಗ್ಯಾವ್ರಿ ಕಾಕಾ, ಬ್ಯಾನಿ ಸುಳಿವಿಲ್ಲ. ದವಾಖಾನಿಗಿ ಶರೀಕ್ ಆಗ್ರಿ, ಬ್ಯಾನಿ ಬರಸ್ತೀವಿ, ಎರಡ್ ದಿನ ಹಿಡಿಬಹುದು ಅಂದಾರ. ಒಂದ್ ಸೂಜಿ ಚುಚ್ಚಿದ್ರ ಆಗೂ ಕೆಲಸಕ್ಕ ಎರಡ್ ದಿನ ಯಾಕ್ರೀ?”

ಗಾಡಿ ಬಂದುದರಿಂದ ಅಂದು ನಾನು ಕೊಡತೊಡಗಿದ ಉತ್ತರ ಅರ್ಧಕ್ಕೇ ನಿಂತಿತು. ಆದರೆ ಆ ಪ್ರಶ್ನೆ ಅಷ್ಟಕ್ಕೆ ಬಿಟ್ಟುಬಿಡುವಂಥದಲ್ಲ. ಚಿಂಚೋಳಿಯ ಕಾಡಂಚಿನ ತಾಂಡಾಗಳಿಂದ ಮೊದಲ್ಗೊಂಡು ಶಹಾಬಾದಿನ ಕಲ್ಲುಗಣಿಗಳ ಸುತ್ತಣ ಓಣಿಗಳವರೆಗೆ, ಬೇನೆ ಬರಿಸುವ ಸೂಜಿಯೆಂಬುದೊಂದುಂಟು, ಅದನ್ನು ಚುಚ್ಚಿಬಿಟ್ಟರೆ ಹೆರಿಗೆ ಬೇಗ ಮುಗಿಯುತ್ತದೆ ಎಂಬ ನಂಬಿಕೆ ಬೇರೂರಿದೆ. ಆ ನಂಬಿಕೆಯಲ್ಲಿ ಅರ್ಧ ಸತ್ಯವಿದೆ, ಉಳಿದರ್ಧದಲ್ಲಿ ಪ್ರಾಣಾಪಾಯವಿದೆ.

ಮೊದಲು ದಿನದ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಎಂದರೆ 40 ವಾರ ಎಂಬ ಗಣನೆಯನ್ನು ಜರ್ಮನಿಯ ನೇಗೆಲೆ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಚುರಪಡಿಸಿದನು. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಅನೇಕರು ತಾರೀಖನ್ನು ಬರೆದಿಡುವವರಲ್ಲ. ಶರಣಬಸಪ್ಪನ ಜಾತ್ರೆ ಮುಗಿದ ವಾರಕ್ಕೆ, ನಾಗರಪಂಚಮಿಗೆ ನಾಲ್ಕು ದಿನ ಮುಂಚೆ, ಎಂದು ಹಬ್ಬಹುಣ್ಣಿಮೆಗಳ ಆಧಾರದಿಂದ ನೆನಪಿಡುವವರು. ಆದಕಾರಣ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗಿನ ಕಾಗದವನ್ನು ಜೋಪಾನವಾಗಿ ತಾಯಿ ಕಾರ್ಡಿನೊಳಗೆ ಇಟ್ಟುಕೊಂಡಿರುವುದು, ಒಂಬತ್ತನೆಯ ತಿಂಗಳಿನಲ್ಲಿ ಮಾಡಿಸುವ ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚಿನ ಉಪಕಾರ ಮಾಡುತ್ತದೆ. 41 ವಾರ ದಾಟಿದುದು ಖಚಿತವಾದರೆ ಬೇನೆ ಬರಿಸುವುದು ಯುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಏಕೆಂದರೆ ಆಮೇಲೆ ಮಗು ಗರ್ಭದಲ್ಲಿಯೇ ಸಾಯುವ ಅಪಾಯ, ಒಟ್ಟು ಪ್ರಮಾಣದಲ್ಲಿ ಅಲ್ಪವೇ ಆದರೂ, ವಾರದಿಂದ ವಾರಕ್ಕೆ ಏರುತ್ತ ಹೋಗುತ್ತದೆ. ಬಿ.ಪಿ. ಏರಿದವರಿಗೆ, ಬೇನೆಯಿಲ್ಲದೆಯೇ ನೀರು ಒಡೆದುಹೋದವರಿಗೆ, ಹತೋಟಿಗೆ ಬಾರದ ಸಕ್ಕರೆಯವರಿಗೆ ಇನ್ನೂ ಮೊದಲೇ ಈ ಚಿಕಿತ್ಸೆ ಬೇಕಾಗುವುದುಂಟು. ಕಾರಣವಿಲ್ಲದೆ, ಒಳ್ಳೆಯ ನಕ್ಷತ್ರವೆಂದೋ ಗಂಡನ ರಜೆಯೆಂದೋ, ದಿನ ತುಂಬುವ ಮೊದಲೇ ಬೇನೆ ಬರಿಸಿರೆಂದು ವೈದ್ಯರನ್ನು ಪೀಡಿಸುವುದನ್ನು ನಾನು ಒಪ್ಪಲಾರೆ.

ಇನ್ನು ಎರಡು ದಿನದ ವಿಷಯ. ಬೇನೆ ಬರಿಸುವುದು ಒಂದು ಕೆಲಸವಲ್ಲ, ಒಂದರ ಬೆನ್ನಿಗೆ ಒಂದಾಗಿ ನಡೆಯಬೇಕಾದ ಎರಡು ಕೆಲಸ. ಇದನ್ನು ತಿಳಿಯಲು ಕಲಬುರಗಿ ಸೀಮೆಯವರು ದೂರ ಹೋಗಬೇಕಾಗಿಲ್ಲ. ತೊಗರಿ ಬೇಳೆ ಮಾಡುವುದನ್ನು ಕಂಡವರೆಲ್ಲರಿಗೂ ಇದು ಗೊತ್ತಿರುವ ಸಂಗತಿಯೇ. ರಾಶಿ ಮಾಡಿ ತಂದ ತೊಗರಿಯನ್ನು ಯಾವ ಗೃಹಿಣಿಯೂ ನೆಟ್ಟಗೆ ಬೀಸುಕಲ್ಲಿಗೆ ಹಾಕುವುದಿಲ್ಲ. ಕಾಳಿನ ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ತೆಳುವಾದ ಅಂಟಿನ ಪದರವೊಂದಿದ್ದು, ಅದು ಸಡಿಲವಾಗುವ ತನಕ ಎಷ್ಟು ಬಲವಾಗಿ ಬೀಸಿದರೂ ಸಿಪ್ಪೆ ಬಿಡದೆ, ಕಾಳು ನುಚ್ಚಾಗಿ ಹೋಗುತ್ತದೆ. ಆದುದರಿಂದ ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ರಾತ್ರಿಯೆಲ್ಲ ಗುಡ್ಡೆ ಹಾಕಿ ಮುಚ್ಚಿಟ್ಟು, ಹಗಲು ಬಿಸಿಲಿಗೆ ಹರವಿ, ಕೆಲವು ಮನೆಗಳಲ್ಲಿ ಕೆಮ್ಮಣ್ಣಿನ ನೀರಿನಲ್ಲಿ ನಾದಿ, ಕಾಳು ಹದಕ್ಕೆ ಬಂತೆಂದು ಬೆರಳಿಗೆ ತಿಳಿದ ಮೇಲೆ ಮಾತ್ರ ಕಲ್ಲಿಗೆ ಹಾಕುತ್ತಾರೆ. ಆಗ ಎರಡೇ ಸುತ್ತಿಗೆ ಬೇಳೆ ಇಬ್ಭಾಗವಾಗಿ ಬೀಳುತ್ತದೆ. ಇಂದಿನ ಬೇಳೆ ಮಿಲ್ಲುಗಳಲ್ಲಿ ಬೀಸುಕಲ್ಲಿನ ಸ್ಥಾನದಲ್ಲಿ ವಿದ್ಯುಚ್ಛಕ್ತಿಯ ಯಂತ್ರ ಬಂದಿದೆಯಾದರೂ ಎಣ್ಣೆ, ನೀರು, ಕಾಯುವಿಕೆ ಇವು ತಪ್ಪಿಲ್ಲ.

ಗರ್ಭಾಶಯದಲ್ಲಿ ಬೀಸುಕಲ್ಲಿನ ಕೆಲಸ ಮಾಡುವುದು ಅದರ ಬಲಿಷ್ಠವಾದ ಸ್ನಾಯುಗೋಡೆ. ಹದಕ್ಕೆ ಬರಬೇಕಾದ ಕಾಳು ಗರ್ಭಕಂಠ, ದವಾಖಾನೆಯಲ್ಲಿ ದಾದಿಯರು ‘ಚೀಲದ ಬಾಯಿ’ ಎನ್ನುವುದು. ಒಂಬತ್ತು ತಿಂಗಳು ಮಗುವಿನ ಭಾರವನ್ನು ತಡೆದು ಹಿಡಿಯಬೇಕಾದ ಈ ಬಾಯಿ ಕೊಲಾಜೆನ್ ಎಂಬ ನಾರುಗಳಿಂದ ಬಿಗಿಯಾಗಿ ಹೆಣೆದುದಾಗಿ, ಮೂಗಿನ ತುದಿಯಷ್ಟು ಗಟ್ಟಿಯಾಗಿರುತ್ತದೆ. ಹೆರಿಗೆ ಸಮೀಪಿಸಿದಂತೆ ಆ ನಾರುಗಳ ಬಂಧ ಸಡಿಲವಾಗಿ, ಅವುಗಳ ನಡುವೆ ನೀರು ಸೇರಿ, ಬಾಯಿ ತುಟಿಯಂತೆ ಮೆತ್ತಗಾಗಿ, ಗಿಡ್ಡವಾಗಿ, ಮುಂದಕ್ಕೆ ಸರಿಯುತ್ತದೆ. ಈ ಹದ ಬಾರದಿರುವಾಗಲೇ ಸ್ನಾಯುವನ್ನು ಬಡಿದೆಬ್ಬಿಸಿದರೆ ತಾಯಿಗೆ ನೋವಾಗುವುದಲ್ಲದೆ ಮಗು ಮುಂದುವರಿಯುವುದಿಲ್ಲ. ಎರಡು ದಿನವೆಂದು ವೈದ್ಯರು ಹೇಳುವುದರಲ್ಲಿ ಬಹುಭಾಗ ಹದ ತರುವುದಕ್ಕೇ ಸಲ್ಲುತ್ತದೆ.

1964ರಲ್ಲಿ ಅಮೆರಿಕದ ಎಡ್ವರ್ಡ್ ಬಿಷಪ್ ಎಂಬ ವೈದ್ಯನು ಬೆರಳಿನ ಈ ತಿಳಿವಳಿಕೆಗೆ ಅಂಕಗಳನ್ನು ಕೊಟ್ಟನು: ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೋ ಗಟ್ಟಿಯೋ, ಹಿಂದಿದೆಯೋ ಮುಂದಿದೆಯೋ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ ಎಂಬ ಐದಕ್ಕೆ ಒಟ್ಟು 13 ಅಂಕ. ಭರ್ತಿಯಾದ ಹೆಂಗಸಿಗೆ ಮೊದಲು ನಡೆಯುವ ಒಳಪರೀಕ್ಷೆ ಇದಕ್ಕಾಗಿಯೇ. ಅಂಕ ಕಡಮೆಯಿದ್ದರೆ ಹದ ತರುವ ಉಪಾಯಗಳು ಮೊದಲಾಗುತ್ತವೆ. ಒಂದು, ಫೋಲಿ ಕ್ಯಾಥೆಟರ್: ಮೂತ್ರ ತೆಗೆಯಲು ಬಳಸುವ ಅದೇ ರಬ್ಬರು ನಳಿಗೆಯನ್ನು ಬಾಯಿಯೊಳಗೆ ತೂರಿಸಿ, ತುದಿಯ ಪುಗ್ಗೆಗೆ ನೀರು ತುಂಬಿ ಬಿಟ್ಟರೆ, ಅದರ ಒತ್ತಡದಿಂದ ಬಾಯಿ ತಾನಾಗಿ ಹಿಗ್ಗಿ, ಪುಗ್ಗೆ ಕೆಲವು ಗಂಟೆಗಳ ಮೇಲೆ ಕಳಚಿ ಬೀಳುತ್ತದೆ. ಇನ್ನೊಂದು, ಪ್ರೋಸ್ಟಗ್ಲಾಂಡಿನ್ ವರ್ಗದ ಔಷಧ, ಜೆಲ್ ರೂಪದಲ್ಲಿಯೋ ಮಿಸೊಪ್ರೋಸ್ಟಾಲ್ ಮಾತ್ರೆಯ ರೂಪದಲ್ಲಿಯೋ. ಈ ಮಾತ್ರೆ 1973ರಲ್ಲಿ ಸಿದ್ಧವಾದುದು ಹೊಟ್ಟೆಹುಣ್ಣಿಗಾಗಿ. ಬೇನೆ ಬರಿಸಲು ಕೊಡುವ ಪ್ರಮಾಣ ಕೇವಲ 25 ಮೈಕ್ರೋಗ್ರಾಂ, ಬಾಯಿಂದ ನುಂಗುವುದಾದರೆ ಎರಡು ಗಂಟೆಗೊಮ್ಮೆ. 200 ಮೈಕ್ರೋಗ್ರಾಂ ಮಾತ್ರೆಯನ್ನು ಬ್ಲೇಡಿನಿಂದ ಎಂಟು ತುಂಡು ಮಾಡಿ ಅಂದಾಜಿನಲ್ಲಿ ಕೊಡುವುದು ಅಪಾಯಕ್ಕೆ ದಾರಿ. ಹಿಂದೊಮ್ಮೆ ಸಿಜೇರಿಯನ್ ಆದವರಿಗೆ ಈ ಮಾತ್ರೆ ಸಲ್ಲದು. ಹಳೆಯ ಹೊಲಿಗೆ ಬಿಚ್ಚೀತು. ಅದನ್ನು ಮರೆಯದೆ ವೈದ್ಯರಿಗೆ ತಿಳಿಸಬೇಕು.

ಇವೆರಡರಲ್ಲಿ ಯಾವುದು ಮೇಲೆಂಬುದನ್ನು ನಮ್ಮ ನೆರೆಯ ನಾಗಪುರದ ಎರಡು ಸರಕಾರಿ ಆಸ್ಪತ್ರೆಗಳಲ್ಲಿಯೇ, ಬಿ.ಪಿ. ಏರಿದ 602 ಗರ್ಭಿಣಿಯರಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. 24 ಗಂಟೆಯೊಳಗೆ ಸಹಜ ಹೆರಿಗೆಯಾದವರು ಮಾತ್ರೆ ನುಂಗಿದವರಲ್ಲಿ ಶೇ. 57, ಪುಗ್ಗೆ ಹಾಕಿಸಿಕೊಂಡವರಲ್ಲಿ ಶೇ. 47. ಮಾತ್ರೆ ಗೆದ್ದಿತೆಂದು ವೈದ್ಯರು ಇದನ್ನು ಓದುತ್ತಾರೆ. ನಾನಾದರೋ ವಾಡಿಯ ಆ ತಾಯಿಯ ಪರವಾಗಿ ಇದನ್ನು ಇನ್ನೊಂದು ಬಗೆಯಲ್ಲಿ ಓದಬಯಸುತ್ತೇನೆ: ಮೇಲಾದ ಔಷಧವನ್ನೇ ಕೊಟ್ಟರೂ ನೂರರಲ್ಲಿ ನಲವತ್ತಮೂರು ಮಂದಿಗೆ ಒಂದು ಹಗಲು ಒಂದು ರಾತ್ರಿ ಸಾಲಲಿಲ್ಲ, ಇಲ್ಲವೇ ಶಸ್ತ್ರಕ್ರಿಯೆ ಬೇಕಾಯಿತು.

ಸೂಜಿಯ ಸರದಿ ಬರುವುದು ಇದಾದ ಮೇಲೆ. ಅದರ ಚರಿತ್ರೆ ನನಗೆ ಬಹು ಪ್ರಿಯವಾದುದು. 1906ರಲ್ಲಿ ಲಂಡನ್ನಿನ ಹೆನ್ರಿ ಡೇಲ್, ಎತ್ತಿನ ಮಿದುಳಿನ ತಳದಲ್ಲಿ ನೇತಾಡುವ, ಗಾತ್ರದಲ್ಲಿ ಒಂದು ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯ ಸಾರವು ಬೆಕ್ಕಿನ ಗರ್ಭಾಶಯವನ್ನು ಸಂಕೋಚಗೊಳಿಸುವುದನ್ನು, ಬೇರೊಂದು ಔಷಧವನ್ನು ಪರೀಕ್ಷಿಸುವಾಗ ಕಂಡನು. ಮೂರೇ ವರ್ಷಗಳಲ್ಲಿ ಬ್ಲೇರ್ ಬೆಲ್ ಎಂಬ ವೈದ್ಯನು ಅದನ್ನು ಸೂತಿಕಾಗೃಹಕ್ಕೆ ತಂದನು. ಮುಂದಿನ ದಶಕಗಳ ಕಥೆ ದುಃಖದ್ದು: ಸಾರದ ಬಲವೆಷ್ಟೆಂಬುದು ನಿಶ್ಚಯವಾಗಿ ತಿಳಿಯದೆ, ಒಮ್ಮೆಲೇ ಸ್ನಾಯುವಿಗೆ ಚುಚ್ಚಿದ ಆ ಔಷಧದಿಂದ ಗರ್ಭಾಶಯವೇ ಹರಿದುಹೋಗಿ ಸತ್ತ ತಾಯಂದಿರೂ, ಉಸಿರುಗಟ್ಟಿದ ಶಿಶುಗಳೂ ಉಂಟು. 1948ರಲ್ಲಿ ಇಂಗ್ಲೆಂಡಿನ ಥಿಯೊಬಾಲ್ಡ್, ಶರೀರವು ತಾನಾಗಿ ಸ್ರವಿಸುವಷ್ಟೇ ಅಲ್ಪ ಪ್ರಮಾಣವನ್ನು ಸಲಾಯಿನ್ನಿನಲ್ಲಿ ಕರಗಿಸಿ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಪದ್ಧತಿಯನ್ನು ಪ್ರಕಟಿಸಿದನು. ನನ್ನ ದೃಷ್ಟಿಯಲ್ಲಿ ಈ ಕಥೆಯ ನಾಯಕ ಅವನೇ. 1953ರಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡು ವಿನ್ಯೊ ಆ ಸಾರದಲ್ಲಿದ್ದ ವಸ್ತು ಒಂಬತ್ತು ಅಮೈನೊ ಆಮ್ಲಗಳ ಪುಟ್ಟ ಸರವೆಂದೂ, ಅದರ ಒಂದು ಭಾಗ ಗಂಧಕದ ಕೊಂಡಿಯಿಂದ ಉಂಗುರವಾಗಿದೆಯೆಂದೂ ತೋರಿಸಿ, ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ, 1955ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಅದೇ ಆಕ್ಸಿಟೋಸಿನ್, ಗ್ರೀಕಿನಲ್ಲಿ ‘ಶೀಘ್ರ ಪ್ರಸವ’ ಎಂದರ್ಥ. ಹೆಸರಿನ ಈ ಅವಸರವೇ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ಹನಿಗೂ ಸೂಜಿಗೂ ವ್ಯತ್ಯಾಸವಿಷ್ಟೇ. ಗರ್ಭಾಶಯ ಬಿಗಿದಾಗ ಅದರ ಗೋಡೆಯಲ್ಲಿ ಹಾಯುವ ರಕ್ತನಾಳಗಳು ಅದುಮಲ್ಪಟ್ಟು, ಮಾಸಿಗೆ ಹರಿಯುವ ರಕ್ತ ಕ್ಷಣಕಾಲ ತಡೆಯುತ್ತದೆ. ಸಡಿಲವಾದಾಗ ಮತ್ತೆ ಹರಿದು ಮಗುವಿಗೆ ಪ್ರಾಣವಾಯು ಮುಟ್ಟುತ್ತದೆ. ಬೇನೆಗೂ ಬೇನೆಗೂ ನಡುವಣ ಬಿಡುವೇ ಮಗುವಿನ ಉಸಿರು. ಹತ್ತು ನಿಮಿಷಕ್ಕೆ ಮೂರೋ ನಾಲ್ಕೋ ಬೇನೆ ಬಂದರೆ ಉಚಿತ. ಐದನ್ನು ಮೀರಿದರೆ ಹನಿಯನ್ನು ತಗ್ಗಿಸಬೇಕು, ಇಲ್ಲವೇ ನಿಲ್ಲಿಸಬೇಕು, ನಿಲ್ಲಿಸಿದರೆ ಔಷಧದ ಪ್ರಭಾವ ಬೇಗನೆ ಇಳಿಯುತ್ತದೆ. ಹೆರಿಗೆಗೆ ಮುನ್ನ ಸ್ನಾಯುವಿಗೆ ಚುಚ್ಚಿದ ಸೂಜಿಯನ್ನು ಯಾರೂ ಹಿಂದಕ್ಕೆ ತೆಗೆಯಲಾರರು. ಆದುದರಿಂದ ಮನೆಯಲ್ಲಿಯೋ, ಮಗುವಿನ ಎದೆಬಡಿತ ನೋಡುವವರಿಲ್ಲದ ಕಡೆಯಲ್ಲಿಯೋ, ಬೇಗ ಆಗಲೆಂದು ಈ ಸೂಜಿ ಹಾಕಿಸುವುದನ್ನು, ಯಾರೇ ಹೇಳಲಿ, ಒಪ್ಪಬಾರದು. ದವಾಖಾನೆಯಲ್ಲಿಯೂ ಹನಿಯನ್ನು ಅರ್ಧ ಗಂಟೆಗೊಮ್ಮೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ. ಇದರ ನಡುವೆ, ಬಾಯಿ ತಕ್ಕಷ್ಟು ತೆರೆದ ಮೇಲೆ, ಸಣ್ಣ ಕೊಕ್ಕೆಯೊಂದರಿಂದ ನೀರಿನ ಚೀಲವನ್ನು ಒಡೆಯುವುದೂ ಉಂಟು. ಅದರಿಂದ ನೋವಾಗದು, ಬೆಚ್ಚನೆಯ ನೀರು ಹರಿದುದಷ್ಟೇ ತಿಳಿಯುತ್ತದೆ. ಹೀಗೆ ಬರಿಸಿದ ಬೇನೆ ತಾನಾಗಿ ಬಂದುದಕ್ಕಿಂತ ತೀವ್ರವೆಂದು ಬಹಳ ಹೆಂಗಸರು ಹೇಳುತ್ತಾರೆ. ಅವರ ಮಾತನ್ನು ನಂಬಬೇಕು, ನೋವಿಗೆ ಔಷಧವಿದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು.

ಈ ಔಷಧದ ಹೆಸರು ನಮ್ಮ ರಾಜ್ಯಕ್ಕೂ ಒಮ್ಮೆ ವಿಚಿತ್ರವಾಗಿ ತಗಲಿಕೊಂಡಿತು. ಹಾಲು ಇಳಿಸಲೆಂದು ಎಮ್ಮೆ ಆಕಳುಗಳಿಗೆ ಆಕ್ಸಿಟೋಸಿನ್ ಚುಚ್ಚುವ ದುರ್ವ್ಯವಹಾರವನ್ನು ತಡೆಯಲು ಕೇಂದ್ರ ಸರಕಾರವು 2018ರಲ್ಲಿ, ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಇದನ್ನು ತಯಾರಿಸಕೂಡದೆಂದೂ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಎಂಬ ಸಾರ್ವಜನಿಕ ಕಾರ್ಖಾನೆಯೊಂದೇ ಇಡೀ ದೇಶಕ್ಕೆ ಒದಗಿಸತಕ್ಕದ್ದೆಂದೂ ಆಜ್ಞೆ ಹೊರಡಿಸಿತು. ಒಂದೇ ಕಾರ್ಖಾನೆಯನ್ನು ನೆಚ್ಚಿ ಹಳ್ಳಿಯ ಹೆರಿಗೆಕೋಣೆಗಳಲ್ಲಿ ಔಷಧ ತೀರಿದರೆ ಗತಿಯೇನೆಂದು ವೈದ್ಯರೂ ಜನಾರೋಗ್ಯ ಸಂಘಟನೆಗಳೂ ಪ್ರತಿಭಟಿಸಿದವು. ಆ ವರ್ಷದ ಡಿಸೆಂಬರಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಆಜ್ಞೆಯನ್ನು ರದ್ದುಗೊಳಿಸಿತು. ಅದು ಸರಿಯಾದ ತೀರ್ಪೆಂದೇ ನನ್ನ ಎಣಿಕೆ. ಒದಗಿದ ಔಷಧವಾದರೂ 2ರಿಂದ 8 ಡಿಗ್ರಿ ಶೈತ್ಯದಲ್ಲಿರಬೇಕು. ವೈಶಾಖದಲ್ಲಿ ಶಹಾಬಾದಿನ ಹಾಸುಗಲ್ಲು ಅಂಗಾಲನ್ನು ಸುಡುವಾಗ, ನೆರಳಿನಲ್ಲಿಯೇ 40 ಡಿಗ್ರಿ ದಾಟಿದಾಗ, ಕರೆಂಟು ಹೋದ ಉಪಕೇಂದ್ರದ ಫ್ರಿಜ್ಜು ಎಷ್ಟು ಹೊತ್ತು ತಣ್ಣಗಿದ್ದೀತು ಎಂಬುದು ಹೆರಿಗೆಯ ಶಾಸ್ತ್ರದೊಳಗಿನ ಪ್ರಶ್ನೆಯೇ.

ಬೇನೆ ಬರಿಸಿದರೆ ಕೊನೆಗೆ ಕೊಯ್ದೇ ತೆಗೆಯುತ್ತಾರೆ ಎಂಬ ಭಯವನ್ನೂ ಬಹಳ ಕೇಳಿದ್ದೇನೆ. 2018ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಮಿಕ್ಕ ಚೊಚ್ಚಲ ಬಸುರಿಯರ ಮೇಲೆ ನಡೆದ ಪರೀಕ್ಷೆಯಲ್ಲಿ, 39ನೆಯ ವಾರದಲ್ಲಿ ಬೇನೆ ಬರಿಸಿದವರಲ್ಲಿ ಶೇ. 18.6, ಕಾದವರಲ್ಲಿ ಶೇ. 22.2 ಮಂದಿಗೆ ಸಿಜೇರಿಯನ್ ಆಯಿತು. ಭಯಕ್ಕೆ ಇದು ಸಮಾಧಾನ. ಆದರೆ ಎಲ್ಲರಿಗೂ 39ಕ್ಕೇ ಬೇನೆ ಬರಿಸಿಬಿಡೋಣವೆಂದು ಇದನ್ನು ಹಿಡಿದು ಹೊರಡುವವರ ಉತ್ಸಾಹವನ್ನು ನಾನು ಹಂಚಿಕೊಳ್ಳಲಾರೆ, ಒಬ್ಬ ದಾದಿಯೇ ಹಲವು ಮಂಚಗಳನ್ನು ನೋಡಬೇಕಾದ ನಮ್ಮ ದವಾಖಾನೆಗಳಿಗೆ ಆ ಲೆಕ್ಕ ಹಾಗೆಯೇ ಸಲ್ಲುವುದಿಲ್ಲ. ಹದ ತರಲು ಮಾಡಿದ ಯತ್ನ ಫಲಿಸದೆಯೋ, ಮಗುವಿನ ಎದೆಬಡಿತ ಕುಗ್ಗಿಯೋ ಶಸ್ತ್ರಕ್ರಿಯೆ ಬೇಕಾಗಬಹುದು. ಆದುದರಿಂದಲೇ, ರೈಲಿಲ್ಲದ ಚಿಂಚೋಳಿಯವರು ದೂರವೆಂದು ಬೇಸರಿಸಿದರೂ, ಶಸ್ತ್ರಕ್ರಿಯೆಯ ಅನುಕೂಲವಿರುವಲ್ಲಿಯೇ ಬೇನೆ ಬರಿಸಿಕೊಳ್ಳಬೇಕು.

ಮಗು ಅತ್ತೊಡನೆ ಸಲಾಯಿನ್ ಬಿಚ್ಚಿರೆಂದು ಹಿರಿಯರು ಅವಸರಪಡಿಸುವುದನ್ನು ಕಂಡಿದ್ದೇನೆ. ಆಗ ಅದೇ ಔಷಧಕ್ಕೆ ಬೇರೆಯೇ ಕೆಲಸ. ಮಾಸು ಕಳಚಿದ ಜಾಗದಲ್ಲಿ ಬಾಯಿತೆರೆದ ರಕ್ತನಾಳಗಳನ್ನು ಮುಚ್ಚುವುದು ಗರ್ಭಾಶಯದ ಬಿಗಿತವೊಂದೇ. ಆಕ್ಸಿಟೋಸಿನ್ ಆ ಬಿಗಿತವನ್ನು ಉಳಿಸುತ್ತದೆ. ಶೈತ್ಯದ ವ್ಯವಸ್ಥೆಯಿಲ್ಲದ ಕಡೆ ಏನು ಮಾಡಬೇಕೆಂಬುದಕ್ಕೆ ಉತ್ತರ ದೊರೆತುದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ: ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಕಿರಿಯ ಆರೋಗ್ಯ ಸಹಾಯಕಿಯರ ಕೈಯಿಂದ, 1620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಮಗು ಹುಟ್ಟಿದ ಮೇಲೆ ಮಿಸೊಪ್ರೋಸ್ಟಾಲ್ ಮಾತ್ರೆ ಕೊಡಿಸಿ, ಅತಿ ರಕ್ತಸ್ರಾವವು ಶೇ. 12ರಿಂದ 6.4ಕ್ಕೆ ಇಳಿದುದನ್ನು 2006ರಲ್ಲಿ ಪ್ರಕಟಿಸಿದರು. ಹೆರಿಗೆಯಾದ ಮೇಲೂ ಬಾಣಂತಿಯ ಕೈಯಲ್ಲಿ ಆ ಹನಿ ಇನ್ನು ಕೆಲಕಾಲ ಇದ್ದರೆ, ಅದನ್ನು ಇರಗೊಡಬೇಕು.