ಹಳೆಯ ಮನೆಯ ಮೇಜು ಕುರ್ಚಿಗಳು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬೀದಿಗಳಲ್ಲಿ ಸಂಜೆ ತಿರುಗಾಡಿ ಬರುವವರಿಗೆ ಈಚಿನ ವರ್ಷಗಳಲ್ಲಿ ಒಂದು ನೋಟವು ಮೇಲಿಂದ ಮೇಲೆ ಕಾಣಬರುತ್ತದೆ. ಹೆಂಚಿನ ಮನೆಯೊಂದರ ಮುಂದೆ ಲಾರಿಯು ನಿಂತಿರುತ್ತದೆ. ಬಾಗಿಲು, ಕಿಟಕಿ, ತೊಲೆಗಳನ್ನು ಬಿಚ್ಚಿ ಒಂದು ಕಡೆ ಒಟ್ಟಿರುತ್ತಾರೆ. ಮತ್ತೊಂದು ಕಡೆ, ಕಾಲು ಮೇಲಾದ ಒಂದು ಮೇಜು, ಬೆತ್ತ ಹರಿದ ಒಂದು ಆರಾಮಕುರ್ಚಿ, ಕನ್ನಡಿ ಮಾಸಿದ ಒಂದು ಬೀರು ಮಳೆಬಿಸಿಲುಗಳಲ್ಲಿ ಬಿದ್ದಿರುತ್ತವೆ. ಮನೆಯು ಬಿದ್ದುಹೋಗುವುದೆಂದು ನಾಲ್ಕು ಜನ ಮರುಗುತ್ತಾರೆ. ಈ ಸಾಮಾನುಗಳಿಗಾಗಿ ಮರುಗುವವರು ವಿರಳ. ಅವು ಗುಜರಿಯವನ ಪಾಲಾಗುತ್ತವೆ.

ಈ ವಿಷಯದಲ್ಲಿ ಅನ್ಯರನ್ನು ಆಕ್ಷೇಪಿಸುವ ಅಧಿಕಾರವು ನಮಗಿಲ್ಲ. ಏಕೆಂದರೆ ಆ ತಪ್ಪನ್ನು ನಾವೂ ಮಾಡಿದವರೇ. ಚಾಮರಾಜಪೇಟೆಯಲ್ಲಿದ್ದ ಹಿರಿಯರ ಮನೆಯನ್ನು ಒಡಹುಟ್ಟಿದವರೆಲ್ಲರ ಒಪ್ಪಿಗೆಯಿಂದ ಮಾರಿ, ಬಂದ ಹಣವನ್ನು ಹಂಚಿಕೊಂಡು, ನಾವು ತಾಯಿಯವರೊಡನೆ ಅಪಾರ್ಟ್‌ಮೆಂಟೊಂದರ ಮೂರನೆಯ ಅಂತಸ್ತಿಗೆ ಬಂದೆವು. ಆ ಮನೆಯಲ್ಲಿ ಬೀಟೆಮರದ ದೊಡ್ಡ ಮೇಜೊಂದಿತ್ತು. ತಂದೆಯವರು ಅದರ ಮೇಲೆ ಕಛೇರಿಯ ಕಾಗದಗಳನ್ನು ನೋಡುತ್ತಿದ್ದರು. ಎಡಗಡೆಯ ಡ್ರಾಯರಿನಲ್ಲಿ ತಾಯಿಯವರ ಹಾಲಿನ ಲೆಕ್ಕದ ಪುಸ್ತಕವಿರುತ್ತಿತ್ತು. ನಾವು ಮಕ್ಕಳೆಲ್ಲರೂ ಪರೀಕ್ಷೆಗೆ ಓದಿದುದು ಅದರ ಸುತ್ತಲೇ. ಆ ಮೇಜು ಹೊಸ ಮನೆಯ ಲಿಫ್ಟಿನೊಳಕ್ಕೆ ಹಿಡಿಸಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಹೊರಳಲಿಲ್ಲ. ಹೊತ್ತು ತಂದ ಆಳುಗಳು ಬೇಸತ್ತರು. ಕೊನೆಗೆ ಗುಜರಿಯವನನ್ನು ಕರೆಯಿಸಿ, ಅವನು ಹೇಳಿದ ಬೆಲೆಗೆ, ಎಂದರೆ ಸೌದೆಯ ಬೆಲೆಗೆ, ಕೊಟ್ಟುಬಿಟ್ಟೆವು. ಹೊರೆಯೊಂದು ಕಳೆಯಿತೆಂದು ಆಗ ನಮಗೆ ಸಮಾಧಾನವೇ ಆಯಿತು. ಆ ಸಂಜೆ ತಾಯಿಯವರು ಕೋಣೆಕೋಣೆಯನ್ನೂ ನೋಡಿ ಬಂದು, “ಮೇಜು ಎಲ್ಲಿಟ್ಟಿದ್ದೀರಿ?” ಎಂದು ಕೇಳಿದರು. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಮೇಜು ಕುರ್ಚಿಗಳು ನಮ್ಮವರ ಮನೆಗಳನ್ನು ಸೇರಿ ಬಹಳ ತಲೆಮಾರುಗಳಾಗಿಲ್ಲ. ಚಾಪೆ, ಜಮಖಾನ, ಮಣೆ, ಅನುಕೂಲಸ್ಥರಾದರೆ ಒಂದು ಉಯ್ಯಾಲೆ, ಇಷ್ಟೇ ಪೂರ್ವದಲ್ಲಿ ಇದ್ದ ಆಸನಗಳು. ಚಾಮರಾಜಪೇಟೆಯು ೧೮೯೨ರಲ್ಲಿ ನಿರ್ಮಾಣವಾಯಿತು. ೧೮೯೮ರಲ್ಲಿ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಹಾವಳಿ ಮಾಡಿದ ಮೇಲೆ ಬಸವನಗುಡಿಯೂ ಮಲ್ಲೇಶ್ವರವೂ ಗಾಳಿಬೆಳಕುಗಳುಳ್ಳ ಬಡಾವಣೆಗಳಾಗಿ ಬೆಳೆದವು. ಸರ್ಕಾರಿ ನೌಕರರು, ಉಪಾಧ್ಯಾಯರು, ವಕೀಲರು, ವೈದ್ಯರು ಇಲ್ಲಿ ಮನೆ ಕಟ್ಟಿದರು. ಬಂದ ಕಕ್ಷಿದಾರನನ್ನೂ ರೋಗಿಯನ್ನೂ ಕುಳ್ಳಿರಿಸಲು ಮುಂಗಡೆಯ ಕೋಣೆಗೆ ಕುರ್ಚಿಗಳು ಬೇಕಾದವು. ನಡುಮನೆ ಅಡಿಗೆಮನೆಗಳಲ್ಲಿ ಮಣೆಯೇ ಉಳಿಯಿತು. ದಂಡಿನ ಬಂಗಲೆಗಳಲ್ಲಿದ್ದ ಇಂಗ್ಲಿಷರ ಸಾಮಾನುಗಳನ್ನು ನೋಡಿ, ಮಲೆನಾಡಿನಿಂದ ಬಂದ ತೇಗ, ಬೀಟೆ, ಹಲಸಿನ ಮರಗಳಲ್ಲಿ ನಮ್ಮ ಬಡಗಿಗಳು ಅವನ್ನು ಮಾಡಿಕೊಟ್ಟರು. ಕೈಯ ಮೇಲೆ ಕೈ ಚಾಚಿ ಮಲಗುವಂತಹ ಬೆತ್ತದ ಆರಾಮಕುರ್ಚಿಯು ಹೀಗೆ ನಮ್ಮ ಜಗಲಿಗಳಿಗೆ ಬಂದಿತು.

ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅಭಿರುಚಿಯು ಬದಲಾಯಿಸಿತು. ಜರ್ಮನಿಯಲ್ಲಿ ನಾಜಿಗಳ ಹಿಂಸೆಯಿಂದ ದೇಶ ಬಿಟ್ಟ ಆಟೋ ಕೊನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿಯು ೧೯೩೯ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದನು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳೂ ಅವನ ಕೈಯವು. ಅಲಂಕಾರವನ್ನು ಬಿಟ್ಟು, ಬಿಸಿಲು ಮಳೆ ಗಾಳಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟುವುದು ಅವನ ಕ್ರಮವಾಗಿತ್ತು. ಅದೇ ಕಾಲದಲ್ಲಿ ಹೊರದೇಶಗಳಲ್ಲಿಯೂ ಕೆತ್ತನೆ ಬಳ್ಳಿಗಳಿಲ್ಲದ, ತೆಳ್ಳಗಿನ ಕಾಲುಗಳ ಸಾಮಾನುಗಳು ಹುಟ್ಟಿದವು. ಡೆನ್ಮಾರ್ಕಿನ ಹಾನ್ಸ್ ವೆಗ್ನರನು ಕವಲುಬೆನ್ನಿನ ತನ್ನ ಪ್ರಸಿದ್ಧ ಕುರ್ಚಿಯನ್ನು ರಚಿಸಿದುದು ೧೯೪೯ರಲ್ಲಿ. ಅಮೆರಿಕದ ಈಮ್ಸ್ ದಂಪತಿಗಳು ಬೀಟೆಯ ತೆಳುಪದರವನ್ನು ಹೊದಿಸಿದ ಆರಾಮಕುರ್ಚಿಯನ್ನು ೧೯೫೬ರಲ್ಲಿ ಹೊರತಂದರು. ಎರಡು ವರ್ಷಗಳ ತರುವಾಯ ಭಾರತಕ್ಕೆ ಬಂದು ಸುತ್ತಾಡಿ, ಸರ್ಕಾರಕ್ಕೆ ವರದಿಯನ್ನು ಬರೆದುಕೊಟ್ಟರು. ಅದರಲ್ಲಿ ಅವರು ಬಹಳವಾಗಿ ಮೆಚ್ಚಿದ ವಸ್ತುವೆಂದರೆ ನಮ್ಮ ಹೆಂಗಸರು ಸೊಂಟದಲ್ಲಿ ಹೊರುವ ಚೊಂಬು! ಆ ವರದಿಯ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು.

ನಮ್ಮ ತಂದೆಯವರಿಗೆ ಇವರ ಹೆಸರುಗಳು ಗೊತ್ತಿದ್ದಂತೆ ಕಾಣೆವು. ಆದರೂ ಅವರು ೧೯೫೮ರಲ್ಲಿ ಮಾಡಿಸಿದ ನಾಲ್ಕು ತೇಗದ ಕುರ್ಚಿಗಳ ಕಾಲುಗಳು ಕೆಳಗಿಳಿದಂತೆ ಸಣ್ಣಗಾಗುತ್ತ ಕೊಂಚ ಹೊರಕ್ಕೆ ಚಾಚಿವೆ. ಕೆತ್ತನೆ ಎಳ್ಳಷ್ಟೂ ಇಲ್ಲ. ಬೆನ್ನಿಗೂ ಕೂರುವಲ್ಲಿಗೂ ಬೆತ್ತದ ಹೆಣಿಗೆ. ಈ ಮಾದರಿಯ ಸಾಮಾನುಗಳಿಗೇ ಇಂದು ‘ಮಿಡ್ ಸೆಂಚುರಿ ಮಾಡರ್ನ್’ ಎಂದು ಹೆಸರಿಟ್ಟು, ಅಂಗಡಿಗಳಲ್ಲಿ ದೊಡ್ಡ ಬೆಲೆಗೆ ಮಾರುತ್ತಾರೆ. ಒಂದು ಮನೆಯವರು ಸೌದೆಯ ಬೆಲೆಗೆ ಕೊಟ್ಟ ಕುರ್ಚಿಯು ಹೊಸ ಪಾಲಿಶು ಕಂಡು, ಅದೇ ಊರಿನ ಮತ್ತೊಂದು ಮನೆಗೆ ಹತ್ತಾರು ಪಾಲು ಹೆಚ್ಚಿನ ಬೆಲೆಗೆ ಹೋಗುವುದು ಅಪರೂಪವಲ್ಲ.

ಸಂಸಾರಗಳ ಮಾತು ಹಾಗಿರಲಿ. ಸರ್ಕಾರವೇ ಹೀಗೆ ಮೋಸಹೋದ ನಿದರ್ಶನವುಂಟು. ಚಂಡೀಗಢ ನಗರವನ್ನು ಕಟ್ಟುವಾಗ ಪಿಯೇರ್ ಜೆನರೆ ಎಂಬಾತನ ನೇತೃತ್ವದಲ್ಲಿ ಅಲ್ಲಿಯ ಕಛೇರಿ, ಕಾಲೇಜುಗಳಿಗಾಗಿ ತೇಗ ಮತ್ತು ಬೆತ್ತದ ಸಾವಿರಾರು ಕುರ್ಚಿಗಳನ್ನು ಮಾಡಿಸಿದರು. ಹಳತಾದ ಮೇಲೆ ಅವನ್ನು ತಾರಸಿಗಳ ಮೇಲೂ ಅಂಗಳಗಳಲ್ಲೂ ರಾಶಿ ಹಾಕಿ, ಅಲ್ಪ ಬೆಲೆಗೆ ಹರಾಜು ಮಾಡಿದರು. ಕೊಂಡವರು ಅವನ್ನು ದುರಸ್ತು ಮಾಡಿಸಿ ಹೊರದೇಶಗಳಿಗೆ ಒಯ್ದರು. ಅವು ಅಲ್ಲಿಯ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗಳಿಗೆ ಮಾರಾಟವಾಗತೊಡಗಿದ ಮೇಲೆಯೇ ನಮ್ಮವರ ಕಣ್ಣು ತೆರೆಯಿತು.

ಆದರೆ ಬೆಲೆ ಬರುತ್ತದೆಂದು ಹಳೆಯದನ್ನು ಇಟ್ಟುಕೊಳ್ಳಿರೆಂದು ನಾವು ಹೇಳುವುದಿಲ್ಲ. ಇಟ್ಟುಕೊಳ್ಳುವುದಕ್ಕೆ ಇನ್ನೂ ಬಲವಾದ ಕಾರಣವಿದೆ. ಅದನ್ನು ನಮಗೆ ತಿಳಿಸಿದವರು ಒಬ್ಬ ವೃದ್ಧ ಬಡಗಿ.

ಹೊಸ ಮನೆಗೆ ಬಂದು ಕೆಲವು ತಿಂಗಳುಗಳ ಮೇಲೆ, ಉಳಿದಿದ್ದ ಕುರ್ಚಿಗಳಲ್ಲಿ ಒಂದರ ಕಾಲು ಅಲ್ಲಾಡತೊಡಗಿತು. ಆಚಾರ್ರನ್ನು ಕರೆಯಿಸಿದೆವು. ಅವರು ಕುರ್ಚಿಯನ್ನು ಬೋರಲು ಹಾಕಿ ನೋಡಿ, “ಇದು ಮುರಿದಿಲ್ಲ ಅಮ್ಮಾವರೇ, ಕೀಲು ಸಡಿಲಿದೆ ಅಷ್ಟೆ” ಎಂದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೀಲಿಗೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು, ಕೊಡತಿಯಿಂದ ಮೆಲ್ಲನೆ ತಟ್ಟಿದರು. ಕಾಲು ಇಡಿಯಾಗಿ ಹೊರಬಂದಿತು. ಅದರ ತುದಿಯಲ್ಲಿ ನಾಲಿಗೆಯಂತೆ ಚಾಚಿದ ಭಾಗವೂ, ಅದು ಕೂರುವ ತೂತೂ ಅರವತ್ತು ವರ್ಷಗಳ ಮೇಲೂ ಹೊಸದರಂತಿದ್ದವು. ಹಿಂದಿನವರು ಮೊಳೆ ಹೊಡೆಯದೆ, ಪ್ರಾಣಿಗಳ ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದ ಮರವಜ್ರದಿಂದ ಅಂಟಿಸುತ್ತಿದ್ದರು. ಶಾಖಕ್ಕೂ ತೇವಕ್ಕೂ ಅದು ಮೆತ್ತಗಾಗುವುದರಿಂದ ಕೀಲನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಕೂಡಿಸಬಹುದು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಈಗಿನ ಹಲಗೆಗಳಲ್ಲಿ ಈ ಸೌಕರ್ಯವಿಲ್ಲ. ಒಮ್ಮೆ ನೀರು ಕುಡಿದು ಉಬ್ಬಿದರೆ, ಇಲ್ಲವೆ ಸ್ಕ್ರೂ ಕಿತ್ತುಬಂದರೆ, ಅದರ ಆಯುಷ್ಯವು ಮುಗಿದಂತೆಯೇ.

ಮಾತಿಗೆ ಮಾತು ಬಂದು, ನಾವು ಕೊಟ್ಟುಬಿಟ್ಟ ಮೇಜಿನ ಸಂಗತಿಯನ್ನು ಹೇಳಿದೆವು. ಆಚಾರ್ರು ಕೆಲಸವನ್ನು ನಿಲ್ಲಿಸಿ, “ಹಲಗೆಯ ಅಡಿಯಲ್ಲಿ ಅಂಚಿನುದ್ದಕ್ಕೂ ಸಣ್ಣ ಮರದ ತುಂಡುಗಳಿದ್ದವೇ?” ಎಂದು ಕೇಳಿದರು. ಇದ್ದವು. ಬಾಲ್ಯದಲ್ಲಿ ಮೇಜಿನ ಕೆಳಗೆ ಮಲಗಿ ಅವನ್ನು ಎಣಿಸಿದ ನೆನಪು ನಮಗಿತ್ತು. “ಆ ತುಂಡುಗಳ ಸ್ಕ್ರೂ ತೆಗೆದರೆ ಹಲಗೆ ಬೇರೆ ಬರುತ್ತದೆ, ಎರಡು ಕಡೆಯ ಡ್ರಾಯರಿನ ಗೂಡುಗಳೂ ಬೇರೆ ಬೇರೆ. ಎತ್ತಿನ ಗಾಡಿಯಲ್ಲಿ ಬಿಡಿಬಿಡಿಯಾಗಿ ಬಂದ ಮೇಜು ಅಮ್ಮಾವರೇ ಅದು, ಲಿಫ್ಟಿನಲ್ಲಿ ಹೋಗದೆ ಏನು?” ಎಂದರು. ನಮಗೆ ಮಾತು ಹೊರಡಲಿಲ್ಲ. ತಾಯಿಯವರು ಒಳಗಿನ ಕೋಣೆಯಲ್ಲಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಬಿಚ್ಚಿ ಸಾಗಿಸುವ ಈ ಉಪಾಯವು ಹೊಸದೇನಲ್ಲ. ವಿಯೆನ್ನಾದ ಮಿಖಾಯೆಲ್ ಥೋನೆಟ್ಟನು ೧೮೫೯ರಲ್ಲಿ ಹೊರಡಿಸಿದ ಬಾಗುಮರದ ಕುರ್ಚಿಯಲ್ಲಿ ಆರೇ ಮರದ ಭಾಗಗಳಿದ್ದವು. ಅಂತಹ ೩೬ ಕುರ್ಚಿಗಳನ್ನು ಕಳಚಿ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಕಳುಹಿಸುತ್ತಿದ್ದರು. ನಮಗೆ ಇದು ತಿಳಿದಿರಲಿಲ್ಲ. ಮೇಜನ್ನು ಒಮ್ಮೆಯಾದರೂ ಬೋರಲು ಮಾಡಿ ನೋಡಬೇಕೆಂದು ತೋರಲೂ ಇಲ್ಲ.

ಆದುದರಿಂದ ಹಳೆಯ ಸಾಮಾನುಗಳಿರುವ ಮನೆಯವರು ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ಹೇಳುತ್ತೇವೆ. ಮೊದಲನೆಯದಾಗಿ ಮರ. ಮೇಲಣ ಬಣ್ಣವನ್ನು ನಂಬದೆ, ಪಾಲಿಶು ಕಾಣದ ಅಡಿಭಾಗವನ್ನೂ ಡ್ರಾಯರಿನ ಹಿಂಬದಿಯನ್ನೂ ನೋಡಬೇಕು. ತೇಗವು ಹೊಂಗಂದು ಬಣ್ಣದ್ದು, ಮುಟ್ಟಿದರೆ ಕೊಂಚ ಎಣ್ಣೆಯಂತಿರುತ್ತದೆ. ಬೀಟೆಯು ನೇರಳೆಗಂದು, ಕಪ್ಪು ಗೆರೆಗಳುಳ್ಳದ್ದು, ಬಹಳ ಭಾರ. ಹಲಸು ಹೊಸತರಲ್ಲಿ ಹಳದಿ, ವರ್ಷಗಳು ಕಳೆದಂತೆ ಕಂದಾಗುತ್ತದೆ. ಸಂದೇಹವಿದ್ದರೆ ಮಲ್ಲೇಶ್ವರದ ೧೮ನೆಯ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮೈಸೂರು ಸಂಸ್ಥಾನವು ೧೯೩೮ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭಿಸಿದ ಈ ಸಂಸ್ಥೆಯಲ್ಲಿ ಮರದ ತುಣುಕನ್ನು ಪರೀಕ್ಷಿಸಿ ಅದು ಯಾವುದೆಂದು ಹೇಳುತ್ತಾರೆ. ಬೀಟೆಯು ಕಾಡಿನಲ್ಲಿ ಈಗ ಅಪರೂಪವಾಗಿದೆ. ೨೦೧೭ರಿಂದ ಅದರ ಜಾತಿಯ ಮರಗಳೆಲ್ಲದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಅಂತಹ ಮರದ ಹಳೆಯ ಮೇಜನ್ನು ಸೌದೆ ಮಾಡಿದರೆ ಮತ್ತೆ ಅದೇ ಹಲಗೆಯು ದೊರೆಯುವುದು ದುರ್ಲಭ.

ಎರಡನೆಯದು ಪಾಲಿಶು. ಹಿಂದಿನ ಸಾಮಾನುಗಳಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತಿಕ್ಕುತ್ತಿದ್ದರು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿಯನ್ನು ತಯಾರಿಸುವ ಮೈಸೂರಿನ ಕಾರ್ಖಾನೆಯೂ ೧೯೩೭ರಲ್ಲಿ ಅರಗಿನ ಕಾರ್ಖಾನೆಯಾಗಿಯೇ ಹುಟ್ಟಿತು. ಮರೆಯಾದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ಟನ್ನು ಇಟ್ಟಾಗ ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶು. ಅದರ ಮೇಲೆ ಬಿಸಿ ಕಾಫಿಯ ಲೋಟವನ್ನು ಇಟ್ಟರೆ ಬಿಳಿಯ ಉಂಗುರವು ಬೀಳುವುದು. ಮಾಸಿತೆಂದು ಉಪ್ಪುಕಾಗದದಿಂದ ಬರಿಯ ಮರ ಕಾಣುವಂತೆ ಉಜ್ಜಿಸಬೇಡಿರಿ. ತಿಳಿದ ಕೆಲಸಗಾರನಿಂದ ಹಳೆಯದರ ಮೇಲೆಯೇ ಒಂದೆರಡು ಕೈ ಹಾಕಿಸಿದರೆ ಸಾಕು. ಅಗಸೆಯೆಣ್ಣೆಯಿಂದ ಒರೆಸುವವರು ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರವಿ ಒಣಗಿಸಬೇಕು. ಮುದ್ದೆಯು ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು.

ಮೂರನೆಯದು ಬೆತ್ತ. ಹರಿಯದೆ ಬರಿಯೇ ಜೋತುಬಿದ್ದಿದ್ದರೆ, ಅಡಿಯಿಂದ ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ನೆನೆಯಿಸಿ, ನೆರಳಿನಲ್ಲಿ ಒಣಗಲು ಬಿಟ್ಟರೆ ಮತ್ತೆ ಬಿಗಿಯುತ್ತದೆ. ಹರಿದಿದ್ದರೆ ಹೊಸದಾಗಿ ಹೆಣೆಸಬೇಕು. ಆ ಕೆಲಸವನ್ನು ಬಲ್ಲವರು ವರ್ಷೇವರ್ಷೇ ಕಡಮೆಯಾಗುತ್ತಿದ್ದಾರೆ. ಕುರ್ಚಿಗಳನ್ನು ದುರಸ್ತಿಗೆ ಕೊಡುವವರಿದ್ದರೆ ತಾನೆ ದುರಸ್ತು ಮಾಡುವವರು ಉಳಿಯುವುದು? ಇನ್ನು ಕುಟ್ಟೆಹುಳು. ಸಾಮಾನಿನ ಕೆಳಗೆ ಸಣ್ಣ ಹಿಟ್ಟು ಬಿದ್ದಿದ್ದರೆ ಉಪೇಕ್ಷಿಸದೆ, ಬೇರೆ ಮರಗಳಿಂದ ದೂರವಿಟ್ಟು ಔಷಧ ಹಾಕಿಸಬೇಕು. ನೆಲ ಸಾರಿಸುವಾಗ ಕಾಲುಗಳು ನೀರಿನಲ್ಲಿ ನಿಲ್ಲದಂತೆಯೂ, ಕಿಟಕಿಯ ಬಿಸಿಲು ಹಲಗೆಯ ಮೇಲೆ ನೇರವಾಗಿ ಬೀಳದಂತೆಯೂ ನೋಡಿಕೊಂಡರೆ ಮಿಕ್ಕುದನ್ನು ಮರವೇ ತಾಳಿಕೊಳ್ಳುತ್ತದೆ.

ಹಳೆಯದೆಲ್ಲವನ್ನೂ ಇಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಎರಡು ಕೋಣೆಗಳ ಮನೆಯಲ್ಲಿ ಅಜ್ಜನ ಕಾಲದ ಕಂಬದ ಮಂಚವನ್ನು ತುರುಕಿ, ಓಡಾಡಲು ಜಾಗವಿಲ್ಲದೆ ಸೊಸೆಯಂದಿರು ಮೊಣಕಾಲು ತಗಲಿಸಿಕೊಳ್ಳುವುದು ಯಾವ ಹಿರಿಯರಿಗೂ ಪ್ರೀತಿಯಲ್ಲ. ದಿನವೂ ಬಳಕೆಗೆ ಬರುವುದನ್ನು ಒಂದೋ ಎರಡೋ ಆರಿಸಿಕೊಂಡು, ಉಳಿದುದನ್ನು ಬಂಧುಗಳಲ್ಲಿ ಬೇಕಾದವರಿಗೆ ಕೊಡಬಹುದು. ಯಾರಿಗೂ ಬೇಡವಾದರೆ ಬೆಲೆ ಬಲ್ಲ ಇಬ್ಬರು ಮೂವರಿಗೆ ತೋರಿಸಿ ಮಾರಿದರೂ ತಪ್ಪಿಲ್ಲ. ಮನೆ ಖಾಲಿ ಮಾಡುವ ಕೊನೆಯ ದಿನದ ಗಡಿಬಿಡಿಯಲ್ಲಿ ಮಾತ್ರ ಈ ತೀರ್ಮಾನವನ್ನು ಮಾಡಬಾರದು. ಮನೆಯಲ್ಲಿ ವೃದ್ಧರಿದ್ದರೆ ಅವರನ್ನು ಮೊದಲು ಕೇಳಬೇಕು.

ಆಚಾರ್ರು ಕುರ್ಚಿಯ ಕಾಲನ್ನು ಕೂಡಿಸಿ, ಹಗ್ಗದಿಂದ ಬಿಗಿದು, ಮರುದಿನದವರೆಗೆ ಯಾರೂ ಕೂರಬಾರದೆಂದು ಹೇಳಿ ಹೋದರು. ಮರುದಿನ ಹಗ್ಗ ಬಿಚ್ಚಿದ ಮೇಲೆ ಮೊದಲು ಕುಳಿತವರು ನಮ್ಮ ತಾಯಿಯವರು. ಕೈಹಿಡಿಯನ್ನು ಒಮ್ಮೆ ಸವರಿ, “ಇದಾದರೂ ಉಳಿಯಿತಲ್ಲ” ಎಂದರು. ಆ ಕುರ್ಚಿಯು ಈಗ ಕಿಟಕಿಯ ಬಳಿಯಲ್ಲಿದೆ. ಬೆಳಿಗ್ಗೆ ಅವರು ಪತ್ರಿಕೆ ಓದುವುದು ಅದರಲ್ಲಿಯೇ. ಮೇಜು ಎಲ್ಲಿದೆಯೋ, ಯಾರ ಮಕ್ಕಳು ಅದರ ಸುತ್ತ ಓದುತ್ತಿದ್ದಾರೋ, ಅಥವಾ ಒಲೆಯ ಪಾಲಾಯಿತೋ, ತಿಳಿಯುವ ಮಾರ್ಗವಿಲ್ಲ. ನಮ್ಮ ಸೋದರಿಯರಲ್ಲಿ ಯಾರಾದರೂ ಮನೆ ಬದಲಾಯಿಸುವವರಿದ್ದರೆ, ಗುಜರಿಯವನಿಗೆ ಹೇಳಿಕಳುಹಿಸುವ ಮೊದಲು ಒಬ್ಬ ಬಡಗಿಗೆ ಹೇಳಿಕಳುಹಿಸಿರಿ. ಮೇಜನ್ನು ಬೋರಲು ಮಾಡಿಸಿ, ಅಡಿಯಲ್ಲಿ ಏನಿದೆಯೆಂದು ನೋಡಿರಿ.