ಕೋಳಿ ಮುಖದ ಕಜ್ಜಿ: ಮಾರಿಬಿಡುವ ಮೊದಲು ಗುರುತಿಸಿ

ಹಿತ್ತಿಲಲ್ಲಿ ನಾಲ್ಕು ಊರ ಕೋಳಿ ಇದ್ದರೆ ಮನೆಗೊಂದು ಧೈರ್ಯ. ನೆಂಟರು ಬಂದ ದಿನಕ್ಕೆ ಒಂದು ಹುಂಜ, ಮಕ್ಕಳಿಗೆ ಮೊಟ್ಟೆ, ಉಳಿದದ್ದು ಮಾರಿದರೆ ಉಮ್ಮನ ಕೈಗೆ ಯಾರಲ್ಲೂ ಕೇಳದೆ ಸಿಗುವ ನಾಲ್ಕು ಕಾಸು. ಹೀಗಿರುವಾಗ ಒಂದು ಬೆಳಿಗ್ಗೆ ಗೂಡು ತೆರೆದರೆ ಹೇಂಟೆಯ ಜುಟ್ಟಿನಲ್ಲಿ, ಕಣ್ಣಿನ ಸುತ್ತ ಕಪ್ಪು ಕಪ್ಪು ಗುಳ್ಳೆ! ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. "ಅದು ತಾನಾಗಿ ಹೋಗ್ತದೆ" ಎಂದು ಬಿಡುವುದು, ಇಲ್ಲವೇ ಸಿಕ್ಕಿದ ರೇಟಿಗೆ ಮಾರಿಬಿಡುವುದು. ಬಿಟ್ಟರೆ ನಮ್ಮ ಕೋಳಿಗೆ ಕಷ್ಟ, ಮಾರಿದರೆ ಕೊಂಡವರ ಗೂಡಿಗೂ ಕಷ್ಟ.

ಯಾವ ಹುಣ್ಣು, ಯಾವ ಕಾಯಿಲೆ?

ಎಲ್ಲ ಹುಣ್ಣೂ ಒಂದೇ ಅಲ್ಲ. ಪುಕ್ಕವಿಲ್ಲದ ಜಾಗಗಳಾದ ಜುಟ್ಟು, ಗದ್ದದ ಕೆಳಗೆ ಜೋಲುವ ಚರ್ಮ, ಕಣ್ಣಿನ ಸುತ್ತ ಮೊದಲು ಸಣ್ಣ ಬಿಳಿಚಿದ ಗುಳ್ಳೆ ಎದ್ದು, ಆಮೇಲೆ ಒಣಗಿ ಕಪ್ಪು ಹೊಪ್ಪಳೆಯಾದರೆ ಅದು ಹೆಚ್ಚಾಗಿ ಕೋಳಿ ಸಿಡುಬು. ಇದು ವೈರಸ್‌ನಿಂದ ಬರುವಂಥದ್ದು. ಕಚ್ಚುವ ಸೊಳ್ಳೆಯೇ ಇದರ ಮುಖ್ಯ ವಾಹನ. ಕೋಳಿಗಳು ಕಾದಾಡಿದ ಗಾಯದ ಮೂಲಕವೂ ಹರಡುತ್ತದೆ.

ಬೆನ್ನು ಅಥವಾ ಹಿಂಭಾಗದಲ್ಲಿ ಪುಕ್ಕ ಕಿತ್ತು ರಕ್ತ ಬಂದಿದ್ದರೆ ಅದು ಬೇರೆ ಕೋಳಿಗಳು ಕುಕ್ಕಿದ ಗಾಯ. ಕಾಲಿನ ಹುರುಪೆ ಮೇಲೆದ್ದು ಬಿಳಿ ಸುಣ್ಣ ಹಿಡಿದಂತೆ ಕಂಡರೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕಾಟ. ಪಾದದ ಅಡಿಯಲ್ಲಿ ಊತ, ನಡುವೆ ಕಪ್ಪು ಚುಕ್ಕಿ, ಕೋಳಿ ಕುಂಟುತ್ತಿದ್ದರೆ ಒಳಗೆ ಕೀವು ಕಟ್ಟಿದೆ ಎಂದರ್ಥ.

ಮದ್ದು ಏನು?

ಸಿಡುಬಿನ ವೈರಸ್ಸನ್ನು ಕೊಲ್ಲುವ ಮದ್ದಿಲ್ಲ. ಆದರೆ ಗಾಬರಿ ಬೇಡ. ಚರ್ಮದಲ್ಲಿ ಮಾತ್ರ ಇದ್ದರೆ ಹೆಚ್ಚಿನ ಕೋಳಿಗಳು ಮೂರು ನಾಲ್ಕು ವಾರದಲ್ಲಿ ಚೇತರಿಸುತ್ತವೆ. ಅಲ್ಲಿಯವರೆಗೆ ಅದನ್ನು ಬೇರೆ ಗೂಡಿನಲ್ಲಿಡಿ, ನೀರು ಪಾತ್ರೆಯೂ ಬೇರೆ ಇರಲಿ. ಹೊಪ್ಪಳೆಗೆ ಪೊವಿಡೋನ್ ಅಯೋಡಿನ್ ತೆಳುವಾಗಿ ಹಚ್ಚಿ, ಕಣ್ಣಿಗೆ ತಾಗದ ಹಾಗೆ. ಕಣ್ಣು ಮುಚ್ಚಿಹೋದ ಕೋಳಿ ಸಾಯುವುದು ಹಲವು ಸಲ ರೋಗದಿಂದಲ್ಲ, ಕಾಳು ಕಾಣದೆ ಹಸಿವಿನಿಂದ. ಅಂಥದ್ದರ ಕಣ್ಣನ್ನು ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಒರೆಸಿ, ಮೆತ್ತಗಿನ ಅನ್ನವನ್ನು ಕೊಕ್ಕಿನ ಹತ್ತಿರವೇ ಹಿಡಿಯಿರಿ.

ಹೊಪ್ಪಳೆಯನ್ನು ಕಿತ್ತು ತೆಗೆಯಲೇಬೇಡಿ. ಅದರಲ್ಲಿ ವೈರಸ್ ತಿಂಗಳುಗಟ್ಟಲೆ ಜೀವಂತ ಇರುತ್ತದೆ. ಬಿದ್ದದ್ದನ್ನು ಗುಡಿಸಿ ಸುಡಿ. ಸೀಮೆಎಣ್ಣೆ ಹಚ್ಚುವುದೂ ಬೇಡ, ಚರ್ಮ ಸುಡುತ್ತದೆ.

ಕುಕ್ಕಿದ ಗಾಯವನ್ನು ಉಪ್ಪುನೀರಲ್ಲಿ ತೊಳೆದು, ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರೆ ನೊಣ ಕೂರುವುದು ಕಡಿಮೆ. ನೊಣ ಮೊಟ್ಟೆಯಿಟ್ಟರೆ ಗಾಯದಲ್ಲಿ ಹುಳ ಬೀಳುತ್ತದೆ. ಗಾಯ ಒಣಗುವ ತನಕ ಗುಂಪಿಗೆ ಬಿಡಬೇಡಿ, ರಕ್ತ ಕಂಡರೆ ಉಳಿದವು ಮತ್ತೆ ಕುಕ್ಕುತ್ತವೆ. ಕಾಲಿನ ಹುರುಪೆಗೆ ಬೆಚ್ಚಗಿನ ಸೋಪುನೀರಲ್ಲಿ ಕಾಲು ನೆನೆಸಿ, ಹಳೆ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ವ್ಯಾಸಲಿನ್ ಅಥವಾ ತೆಂಗಿನೆಣ್ಣೆ ದಪ್ಪಗೆ ಹಚ್ಚಿ. ಎರಡು ಮೂರು ವಾರ ಬಿಡದೆ ಮಾಡಬೇಕು. ಪಾದದ ಕೀವನ್ನು ಮನೆಯಲ್ಲಿ ಬ್ಲೇಡು ಹಿಡಿದು ಕೊಯ್ಯುವುದು ಬೇಡ, ಅದು ಡಾಕ್ಟರ ಕೆಲಸ.

ಯಾವಾಗ ಓಡಬೇಕು?

ಬಾಯಿ ಬಿಡಿಸಿ ನೋಡಿ. ಒಳಗೆ ಹಳದಿ ಪೊರೆ ಕಟ್ಟಿ ಕೋಳಿ ಉಸಿರಿಗೆ ಒದ್ದಾಡುತ್ತಿದ್ದರೆ ಸಿಡುಬು ಗಂಟಲಿಗೆ ಇಳಿದಿದೆ. ತಡಮಾಡದೆ ಪಶು ಆಸ್ಪತ್ರೆಗೆ ಹೋಗಿ. ಒಂದೇ ಸಲ ಹಲವು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ ಅದು ಬೇರೆಯೇ ರೋಗ ಇರಬಹುದು. ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ. ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದು ಎಂದು ಡಾಕ್ಟರಲ್ಲೇ ಕೇಳಿ.

ಇನ್ನು ಮನೆಯವರ ಹೆದರಿಕೆ ಒಂದಿದೆ: ಮಕ್ಕಳಿಗೆ ಚಿಕನ್ ಪಾಕ್ಸ್ ಬರ್ತದಾ? ಇಲ್ಲ. ಹೆಸರಲ್ಲಿ ಚಿಕನ್ ಇದ್ದರೂ ಆ ರೋಗಕ್ಕೂ ಕೋಳಿಗೂ ಸಂಬಂಧವೇ ಇಲ್ಲ. ಕೋಳಿ ಸಿಡುಬು ಮನುಷ್ಯರಿಗೆ ಬರುವುದಿಲ್ಲ. ಆದರೂ ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೆಯಲೇಬೇಕು.

ನಾಲ್ಕು ಮನೆ ಸೇರಿದರೆ

ಸಿಡುಬಿಗೆ ಲಸಿಕೆ ಇದೆ. ಆರರಿಂದ ಎಂಟು ವಾರದ ಮರಿಗಳಿಗೆ ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುತ್ತಾರೆ. ತೊಡಕು ಇರುವುದು ಬಾಟಲಿಯಲ್ಲಿ. ಒಂದು ಬಾಟಲಿ ನೂರಾರು ಕೋಳಿಗೆ ಸಾಕಾಗುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿಯವರು ಒಬ್ಬರೇ ಹೋದರೆ ಉಳಿದದ್ದೆಲ್ಲ ದಂಡ. ಹಾಗಾಗಿ ನೆರೆಕರೆಯವರು ಮೊದಲೇ ಮಾತಾಡಿಕೊಂಡು, ಒಂದು ದಿನ ಗೊತ್ತು ಮಾಡಿ, ಎಲ್ಲರ ಕೋಳಿಗೂ ಒಟ್ಟಿಗೆ ಹಾಕಿಸುವುದೇ ಸರಿ.

ಸೊಳ್ಳೆಯೂ ಬೇಲಿ ನೋಡಿ ಹಾರುವುದಿಲ್ಲ. ನಮ್ಮ ಅಂಗಳದ ಗೆರಟೆ, ತೋಟದ ಅಡಿಕೆ ಹಾಳೆಯಲ್ಲಿ ನಿಂತ ನೀರು ಚೆಲ್ಲಿದರೆ ಪಕ್ಕದ ಮನೆಯ ಗೂಡಿಗೂ ಕ್ಷೇಮ. ಕಜ್ಜಿಯ ಕೋಳಿಯನ್ನು ಮಾರದೆ ಮೂರು ವಾರ ಸಾಕಿಕೊಳ್ಳೋಣ. ಗುಣವಾದ ಕೋಳಿಗೆ ಸಿಡುಬು ಮತ್ತೆ ಬರುವುದು ಅಪರೂಪ, ಮೊಟ್ಟೆಯೂ ಮತ್ತೆ ಶುರುವಾಗುತ್ತದೆ.